ಬೆಳಗಾದರೆ ವಾಂತಿ, ಹತ್ತು ಗಂಟೆಗೆ ಆಟ: ಮಗುವಿನ ತಲೆಯಲ್ಲಿ ಗಡ್ಡೆಯಂತೆ, ಕಾಯಬಹುದಾ?

ಶಿರಸಿಯಿಂದ ಕೇಳಿದ್ದು:
ತಂಗಿಯ ಮಗನಿಗೆ 6 ವರ್ಷ. ಮೂರು ವಾರದಿಂದ ಎದ್ದ ಕೂಡಲೇ ತಲೆನೋವು, ವಾಂತಿ. ಇವತ್ತು ಸ್ಕ್ಯಾನ್ ಮಾಡಿಸಿದೆವು. ಕಿರುಮೆದುಳಿನ ಹತ್ತಿರ ಗಡ್ಡೆ, ನೀರು ಕಟ್ಟಿಕೊಂಡಿದೆ, ಈಗಲೇ ಮಣಿಪಾಲಕ್ಕೆ ಹೋಗಿ ಎಂದರು. ಅಮಾವಾಸ್ಯೆ ಕಳೆಯಲಿ ಅಂತ ಅಪ್ಪ ಕೂತಿದ್ದಾರೆ. ಹುಡುಗ ನೋಡಿದರೆ ಆಡಿಕೊಂಡೇ ಇದ್ದಾನೆ. ಏನು ಮಾಡೋಣ?

ಕುಮಟಾದ ತಾಯಿ:
ಹೊರಡಿ ಅಕ್ಕಾ. ಆಡುತ್ತಾನೆ ಅನ್ನೋದೇ ನಮ್ಮನ್ನೂ ದಾರಿ ತಪ್ಪಿಸಿದ್ದು. ನನ್ನ ಮಗಳಿಗೆ ವಾಂತಿ ಆದ ಮೇಲೆ ತಲೆನೋವು ಇಳಿಯುತ್ತಿತ್ತು. ತೆಳ್ಳೇವು ತಿಂದು ಶಾಲೆಗೆ ಹೋಗುತ್ತಿದ್ದಳು. ನಾವು ಪಿತ್ತ ಅಂದುಕೊಂಡೆವು. ಒಬ್ಬ ಡಾಕ್ಟರೂ ಗ್ಯಾಸ್ಟ್ರಿಕ್ ಸಿರಪ್ಪನ್ನೇ ಬರೆದರು. ಕುತ್ತಿಗೆ ಒಂದು ಕಡೆ ವಾಲಿಸುತ್ತಿದ್ದಳು, ಅಂಗಳದ ಮೆಟ್ಟಿಲಲ್ಲಿ ಎರಡು ಸಲ ಮುಗ್ಗರಿಸಿದಳು. ಚಪ್ಪಲಿ ದೊಡ್ಡದಾಯ್ತು ಅಂತ ಹೊಸತು ತಂದೆ ನಾನು!

ಆಮೇಲೆ ಸರ್ಜನ್ ಬಿಡಿಸಿ ಹೇಳಿದರು. ಬುರುಡೆ ಹಿಗ್ಗುವುದಿಲ್ಲ. ಮೆದುಳಿನೊಳಗೆ ಹರಿಯುವ ನೀರಿನ ದಾರಿಯನ್ನು ಗಡ್ಡೆ ಕಟ್ಟಿದರೆ ಒಳಗೆ ಒತ್ತಡ ಏರುತ್ತದೆ. ಮಲಗಿದಾಗ ಅದು ಜಾಸ್ತಿ, ಅದಕ್ಕೇ ಬೆಳಗಿನ ಹೊತ್ತು ವಾಂತಿ. ಒತ್ತಡ ಮಿತಿ ಮೀರಿದರೆ ಕಿರುಮೆದುಳಿನ ತುದಿ ಬುರುಡೆಯ ತಳದ ತೂತಿಗೆ ಇಳಿದು, ಉಸಿರಾಟ ನಡೆಸುವ ಭಾಗವನ್ನೇ ಅದುಮುತ್ತದೆ. ಹರ್ನಿಯೇಷನ್ ಅಂದರೆ ಅದು. ಅಲ್ಲಿಗೆ ಮುಟ್ಟಿದರೆ ನಿಮಿಷದ ಲೆಕ್ಕ.

ಆಪರೇಷನ್ ಆದ ಮೇಲೆ ಮೂರು ವಾರ ಅವಳು ಮಾತೇ ಆಡಲಿಲ್ಲ. ಈ ಜಾಗದ ಆಪರೇಷನ್ ನಂತರ ಕೆಲವು ಮಕ್ಕಳಿಗೆ ಹಾಗಾಗುತ್ತದಂತೆ. ಮೊದಲೇ ಕೇಳಿಟ್ಟುಕೊಳ್ಳಿ, ನಮ್ಮ ಹಾಗೆ ಗಾಬರಿ ಬೀಳಬೇಡಿ. ಒಂದು ಮಧ್ಯಾಹ್ನ "ಆಯಿ, ನೀರು" ಎಂದಳು.

ಕಾರವಾರದ ನರ್ಸ್:
ಸ್ವಂತ ಕಾರು ಬೇಡ, 108ಕ್ಕೆ ಫೋನ್ ಮಾಡಿ. ತಲೆಯ ಕಡೆ ಸುಮಾರು 30 ಡಿಗ್ರಿ ಎತ್ತರ, ಕುತ್ತಿಗೆ ನೇರ. ದೇವಿಮನೆ ಘಟ್ಟದ ತಿರುವಲ್ಲಿ ತಲೆ ಹೊರಳದಂತೆ ಎರಡೂ ಬದಿಗೆ ಟವೆಲ್ ಸುತ್ತಿಡಿ. ಮಲಗಿದ್ದಾನೆ ಅಂತ ಸುಮ್ನೆ ಬಿಡಬೇಡಿ, ಆಗಾಗ ಎಬ್ಬಿಸಿ ಮಾತಾಡಿಸಿ. ಮಂಪರಿದ್ದರೆ ಬಾಯಿಗೆ ಏನೂ ಹಾಕಬೇಡಿ. ಎಬ್ಬಿಸಿದರೂ ಏಳದಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ಉಸಿರು ಬಿಟ್ಟುಬಿಟ್ಟು ಬಂದರೆ ಮಣಿಪಾಲವೇ ಆಗಬೇಕೆಂಬ ಹಠ ಬೇಡ. ದಾರಿಯಲ್ಲಿ ಸಿಗುವ ದೊಡ್ಡ ಆಸ್ಪತ್ರೆಗೆ ನುಗ್ಗಿ. ಒತ್ತಡ ಇಳಿಸುವ ಮ್ಯಾನಿಟಾಲ್ ಅಲ್ಲೇ ಶುರು ಮಾಡಬಹುದು. ಸ್ಕ್ಯಾನ್ ಸಿಡಿ ಮರೆಯಬೇಡಿ.

ಶಿರಸಿಯಿಂದ:
ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಏನೂ ಮಾತಾಡದೆ ಎದ್ದು ಹೋಗಿ ಟವೆಲ್ ತಂದುಕೊಟ್ಟರು. ಗಾಡಿ ಬಂತು.