ಹಳೇ ಡಾಡ್ಜ್ ಕಾರು: 1970ರ ಚಾರ್ಜರ್ ತಗೊಳ್ಳಲಾ, ಚಾಲೆಂಜರ್ ತಗೊಳ್ಳಲಾ?

ಟ್ರಾಯ್ ಕನ್ನಡಿಗ:
ನಮಸ್ಕಾರ. ಮಿಶಿಗನ್‌ಗೆ ಬಂದಾಗಿನಿಂದ ಆಗಸ್ಟ್ ಬಂತೆಂದರೆ ವುಡ್‌ವರ್ಡ್ ರಸ್ತೆಯಲ್ಲಿ ಹಳೇ ಕಾರುಗಳನ್ನ ನೋಡ್ತಾ ನಿಲ್ತೀನಿ. ಈಗ ನನಗೂ ಒಂದು ಡಾಡ್ಜ್ ಬೇಕು. ಕಣ್ಣಿಗೆ ಬಿದ್ದಿರೋದು 1970ರ ಚಾರ್ಜರ್ ಆರ್/ಟಿ (ಹೆಚ್ಚು ಶಕ್ತಿಯ ಮಾದರಿ), ಅದೇ ವರ್ಷದ ಚಾಲೆಂಜರ್ ಆರ್/ಟಿ. ಎರಡರಲ್ಲೂ 440 ಘನ ಇಂಚಿನ ಮ್ಯಾಗ್ನಮ್ ಎಂಜಿನ್. ಹಿಂದೆ ಇಬ್ಬರು ಮಕ್ಕಳು ಕೂರಬೇಕು. ಯಾವುದು ಒಳ್ಳೇದು?

ಬಿ-ಬಾಡಿ ಭಕ್ತ:
ಚಾರ್ಜರ್ ತಗೊಳ್ಳಿ ಸರ್, ಎರಡು ಮಾತೇ ಇಲ್ಲ. ಎಂಜಿನ್ ಎರಡಕ್ಕೂ ಅದೇ, 375 ಅಶ್ವಶಕ್ತಿ. (ಆಗಿನ ಲೆಕ್ಕ ಅದು, ಎಂಜಿನ್ನನ್ನ ಕಾರಿನಿಂದ ಹೊರಗಿಟ್ಟು ಅಳೀತಿದ್ರು.) ವ್ಯತ್ಯಾಸ ಇರೋದು ಮೈಕಟ್ಟಲ್ಲಿ. ಚಾರ್ಜರ್ ವೀಲ್‌ಬೇಸ್, ಅಂದ್ರೆ ಮುಂದಿನ-ಹಿಂದಿನ ಚಕ್ರಗಳ ನಡುವಿನ ದೂರ, 117 ಇಂಚು, ಚಾಲೆಂಜರ್‌ದು 110. ಅಗಲ ಹೆಚ್ಚುಕಮ್ಮಿ ಒಂದೇ. ಆ ಏಳು ಇಂಚು ಹಿಂದೆ ಕೂತವರ ಮೊಣಕಾಲಿಗೆ ಗೊತ್ತಾಗುತ್ತೆ. ಹೈವೇಯಲ್ಲಂತೂ ಚಾರ್ಜರ್ ನೆಲ ಬಿಡದೆ ಸಾಗುತ್ತೆ, ನನಗೆ ಅದರಷ್ಟು ಪ್ರೀತಿಯ ಕಾರು ಇನ್ನೊಂದಿಲ್ಲ.

ಆದ್ರೆ ಬಣ್ಣ ನೋಡಿ ಮರುಳಾಗಬೇಡಿ. ಚಾರ್ಜರ್‌ನ ಹಿಂದಿನ ಗಾಜು ಎರಡು ಕಂಬಗಳ ನಡುವೆ ಒಳಗೆ ಸರಿದು ಕೂತಿದೆ, ಅಂದ ಅದರದ್ದೇ. ಆದ್ರೆ ಆ ಗಾಜಿನ ಕೆಳಅಂಚಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತೆ, ಡಿಕ್ಕಿಯ ತಳಕ್ಕೂ ಇಳಿಯುತ್ತೆ. ಛಾವಣಿಗೆ ಅಂಟಿಸಿದ ವಿನೈಲ್ ಹೊದಿಕೆ (ವಿನೈಲ್ ಟಾಪ್) ಇದ್ದರಂತೂ ಕೆಳಗೆ ಏನಾಗಿದೆ ಅಂತ ಹೊರಗೆ ಕಾಣಲ್ಲ. ಡಿಕ್ಕಿ ತೆಗೆದು ಮ್ಯಾಟ್ ಎತ್ತಿ, ಟಾರ್ಚ್ ಹಾಕಿ, ಬೆರಳಿಂದ ಒತ್ತಿ ನೋಡಿ. ಕಾರನ್ನ ಲಿಫ್ಟ್ ಮೇಲೆ ಏರಿಸಿ ಮುಂದಿನ ಟಾರ್ಷನ್ ಬಾರ್ (ಸ್ಪ್ರಿಂಗ್ ಥರ ತಿರುಚಿಕೊಳ್ಳೋ ಸರಳು) ಹಿಡಿದಿರೋ ಅಡ್ಡಪಟ್ಟಿಯನ್ನೂ ನೋಡಿ. ಮಿಶಿಗನ್ ಚಳಿಗಾಲದ ಉಪ್ಪು ಯಾವ ಕಾರನ್ನೂ ಬಿಟ್ಟಿಲ್ಲ.

ಹ್ಯಾಮ್‌ಟ್ರಾಮಿಕ್ ಹತ್ತಿರ:
ನಾನು ಚಾಲೆಂಜರ್ ಕಡೆ. ಗಿಡ್ಡ ಹಿಂಭಾಗ, ಉದ್ದ ಬಾನೆಟ್, ತಿರುವಲ್ಲಿ ಹಗುರ. ಊರೊಳಗೆ ನಿಲ್ಲಿಸೋಕೂ ಸುಲಭ, ಚಾರ್ಜರ್ ಅದಕ್ಕಿಂತ ಒಂದಡಿಗೂ ಹೆಚ್ಚು ಉದ್ದ. ಯಾವುದನ್ನೇ ಕೊಳ್ಳಿ, ಮೊದಲು ಡ್ಯಾಶ್‌ಬೋರ್ಡ್ ಮೇಲಿನ ವಿಐಎನ್, ಅಂದ್ರೆ ಕಾರಿನ ಗುರುತಿನ ಸಂಖ್ಯೆ, ಓದಿ. ಅಸಲಿ ಚಾಲೆಂಜರ್ ಆರ್/ಟಿ ಹಾರ್ಡ್‌ಟಾಪ್ (ಗಟ್ಟಿ ಛಾವಣಿಯದು) ಆದ್ರೆ ಜೆಎಸ್23, ಚಾರ್ಜರ್ ಆರ್/ಟಿ ಆದ್ರೆ ಎಕ್ಸ್‌ಎಸ್29 ಅಂತ ಶುರುವಾಗುತ್ತೆ. ಐದನೇ ಅಕ್ಷರ ಯು ಅಂದ್ರೆ 440 ಮ್ಯಾಗ್ನಮ್, ವಿ ಅಂದ್ರೆ ಸಿಕ್ಸ್ ಪ್ಯಾಕ್ (ಮೂರು ಕಾರ್ಬ್ಯುರೇಟರ್ ಇರೋ 440), ಆರ್ ಅಂದ್ರೆ 426 ಹೆಮಿ ಎಂಜಿನ್. ಜಿ ಇದ್ರೆ 318 ಎಂಜಿನ್ ಜೊತೆ ಹುಟ್ಟಿದ ಕಾರು, 440 ಆಮೇಲೆ ಕೂರಿಸಿದ್ದು. ಅಂಥದ್ದಕ್ಕೆ ಆರ್/ಟಿ ಬೆಲೆ ಕೊಡಬೇಡಿ.

ಟ್ರಾಯ್ ಕನ್ನಡಿಗ:
ತುಂಬಾ ಉಪಕಾರವಾಯ್ತು. ಸಿಕ್ಸ್ ಪ್ಯಾಕ್ ಸಿಕ್ಕಿದ್ರೆ ತಗೊಳ್ಳಬಹುದಾ?

ಬಿ-ಬಾಡಿ ಭಕ್ತ:
ಅದರಲ್ಲಿ ಹೋಲಿ ಕಂಪನಿಯ ಮೂರು ಕಾರ್ಬ್ಯುರೇಟರ್. ಮೆಲ್ಲಗೆ ಹೋಗುವಾಗ ನಡುವಿನದ್ದೊಂದೇ ಕೆಲಸ ಮಾಡುತ್ತೆ, ಜೋರಾಗಿ ತುಳಿದಾಗ ವ್ಯಾಕ್ಯೂಮ್‌ನಿಂದ ಅಕ್ಕಪಕ್ಕದ ಎರಡೂ ತೆರೀತವೆ. ಮೂರನ್ನೂ ಹೊಂದಿಸೋಕೆ ಕೈ ಪಳಗಿದ ಮೆಕ್ಯಾನಿಕ್ ಬೇಕು. ಮಕ್ಕಳ ಜೊತೆ ಓಡಾಡೋಕೆ ಮ್ಯಾಗ್ನಮ್ ಸಾಕು. ಉಳಿದ ದುಡ್ಡಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿ, ಆಗ ಡಿಸ್ಕ್ ಬೇಕು ಅಂದ್ರೆ ಬೇರೆ ದುಡ್ಡು ಕೊಡಬೇಕಿತ್ತು, ಇಲ್ಲದಿದ್ರೆ ನಾಲ್ಕೂ ಡ್ರಮ್ಮೇ. ಹಿಂದಿನ ಸೀಟಿಗೆ ಬರ್ತಿದ್ದದ್ದು ಸೊಂಟದ ಬೆಲ್ಟ್ ಮಾತ್ರ. ಮಕ್ಕಳನ್ನ ಕೂರಿಸೋ ಮೊದಲು ಭುಜದ ಬೆಲ್ಟ್ ಹಾಕಿಸಿಬಿಡಿ.