ಏಳು ಗೇರಿನ ಡ್ರೈ ಕ್ಲಚ್ ಆಟೊಮ್ಯಾಟಿಕ್: ಟ್ರಾಫಿಕ್‌ನಲ್ಲಿ ನಡುಕ, ಮೇಲಿಂದ ಲಿಂಪ್ ಮೋಡ್. ಕ್ಲಚ್ಚೋ, ಮೆಕಾಟ್ರಾನಿಕ್ಕೋ?

ಘಾಟಿಗಾಡಿ

1.2 ಟರ್ಬೊ ಪೆಟ್ರೋಲ್, 2015ರ ಗಾಡಿ, 82,000 ಕಿ.ಮೀ. ಏಳು ಗೇರಿನ ಡ್ಯುಯಲ್ ಕ್ಲಚ್. ತೊಂದರೆ ಎರಡು ಥರ.

ಒಂದು: ಗಾಡಿ ಬಿಸಿಯಾದ ಮೇಲೆ ಟ್ರಾಫಿಕ್‌ನಲ್ಲಿ 1ರಿಂದ 2ಕ್ಕೆ ಬೀಳುವಾಗ ಗಡಗಡ ನಡುಗುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಏನೂ ಇಲ್ಲ.

ಇನ್ನೊಂದು: ಈ ತಿಂಗಳು ನಾಲ್ಕು ಸಲ ಮೀಟರಿನಲ್ಲಿ ಸ್ಪ್ಯಾನರ್ ಗುರುತು ಬಂದು, ಗೇರ್ ಅಕ್ಷರಗಳೆಲ್ಲ ಮಿಣುಕಿ, ‘ಡಿ’ಯಲ್ಲಿದ್ದರೂ ಎಳೆತ ಪೂರ್ತಿ ಹೋಯ್ತು. ರಿವರ್ಸೂ ಬೀಳಲಿಲ್ಲ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತೆ.

ಬ್ಲೂಟೂತ್ ಇಎಲ್‌ಎಂ ಸ್ಕ್ಯಾನರ್‌ನಲ್ಲಿ ದೋಷದ ಒಂದು ಕೋಡೂ ಇಲ್ಲ. ಗ್ಯಾರೇಜಿನವರು ಕ್ಲಚ್ ಪ್ಯಾಕ್, ಮೆಕಾಟ್ರಾನಿಕ್ (ಆಯಿಲ್ ಒತ್ತಡದಿಂದ ಕ್ಲಚ್, ಗೇರ್ ಆಡಿಸುವ ಎಲೆಕ್ಟ್ರಾನಿಕ್ ಯೂನಿಟ್) ಎರಡನ್ನೂ ಬದಲಿಸಿ ಅಂತಿದ್ದಾರೆ. ನಿಜವಾಗಿ ಎರಡೂ ಹೋಗಿವೆಯಾ? ಬಿಚ್ಚೋ ಮೊದಲು ಗೊತ್ತು ಮಾಡಿಕೊಳ್ಳೋದು ಹೇಗೆ?

ಸ್ಪ್ಯಾನರ್14

ಸರ್, ನೀವು ಹೇಳ್ತಿರೋದು ಫೋಕ್ಸ್‌ವ್ಯಾಗನ್‌ನ ಡಿಕ್ಯೂ200 ಗೇರ್‌ಬಾಕ್ಸ್. ಎರಡು ತೊಂದರೆಯನ್ನೂ ಒಂದೇ ಗಂಟು ಕಟ್ಟಬೇಡಿ, ಬೇರೆ ಬೇರೆಯಾಗಿ ನೋಡಿ.

ಇದರೊಳಗೆ ಇರೋದು ಎರಡು ಅರ್ಧ ಗೇರ್‌ಬಾಕ್ಸ್. ಕೆ1 ಕ್ಲಚ್ 1, 3, 5, 7ನ್ನು ಎಳೆಯುತ್ತೆ. ಕೆ2 ಕ್ಲಚ್ 2, 4, 6 ಮತ್ತು ರಿವರ್ಸ್. ಒಂದು ಕಡೆ ಕೆಟ್ಟರೆ ಕಂಪ್ಯೂಟರ್ ಆ ಅರ್ಧವನ್ನು ಮಾತ್ರ ಮುಚ್ಚಿ, ಉಳಿದರ್ಧದಲ್ಲಿ ಗಾಡಿ ಓಡಿಸುತ್ತೆ. ಹಾಗಾಗಿ ಲಿಂಪ್ ಮೋಡ್, ಅಂದರೆ ಹೀಗೆ ಕುಂಟುತ್ತ ಓಡಿಸೋ ಸ್ಥಿತಿ, ಬಂದಾಗ ಯಾವ ಗೇರ್ ಉಳಿದಿದೆ ಅನ್ನೋದೇ ದೊಡ್ಡ ಸುಳಿವು. ರಿವರ್ಸ್ ಹೋಗಿ 1, 3 ಉಳಿದಿದ್ದರೆ ಕೆ2 ಕಡೆಯ ದೋಷ. ಈ ಪೆಟ್ಟಿಗೆಯಲ್ಲಿ 6 ಮತ್ತು ರಿವರ್ಸ್ ಗೇರ್ ಬೀಳಿಸುವ ಫೋರ್ಕಿನ ಬೇರಿಂಗ್ ಒಡೆಯೋದೂ ಉಂಟು, ಆಗಲೂ ಸಮಸಂಖ್ಯೆಯ ಗೇರುಗಳೇ ಹೋಗೋದು. ರಿವರ್ಸ್ ಇದ್ದು ಗಾಡಿ 2ರಲ್ಲೇ ಎದ್ದರೆ ಕೆ1 ಕಡೆ ನೋಡಬೇಕು.

ನಿಮ್ಮ ಗಾಡಿಯಲ್ಲಿ ಎರಡೂ ಕಡೆ ಒಟ್ಟಿಗೇ ಹೋಗಿವೆ. ಎರಡು ಕ್ಲಚ್ಚೂ ಒಂದೇ ನಿಮಿಷಕ್ಕೆ ಸತ್ತು, ಸ್ವಲ್ಪ ಹೊತ್ತಿಗೆ ಎರಡೂ ಬದುಕೋದಿಲ್ಲ. ಎರಡಕ್ಕೂ ಸಾಮಾನ್ಯವಾಗಿರೋದು ಆಯಿಲ್ ಒತ್ತಡ ಮತ್ತು ಕರೆಂಟು. ಹುಡುಕಾಟ ಅಲ್ಲಿಂದ ಶುರುವಾಗಲಿ.

ಮೊದಲು ಬ್ಯಾಟರಿ. ಗಾಡಿ ನಿಂತಿದ್ದಾಗ 12.5 ವೋಲ್ಟಿನ ಆಸುಪಾಸು, ಎಂಜಿನ್ ಓಡುವಾಗ 14ರ ಆಸುಪಾಸು ಇರಬೇಕು. ಗೇರ್‌ಬಾಕ್ಸ್ ಹತ್ತಿರದ ಅರ್ತ್ ಪಟ್ಟಿ ಬಿಚ್ಚಿ ಉಜ್ಜಿ ಕಟ್ಟಿ. ಪಂಪಿನ ಫ್ಯೂಸಿನ ಕಾಲು ಕಪ್ಪಗಾಗಿದೆಯಾ ನೋಡಿ.

ಆಮೇಲೆ ಕಿವಿ ಕೊಡಿ. ಚಾಲಕನ ಬಾಗಿಲು ತೆರೆದರೆ ಮೆಕಾಟ್ರಾನಿಕ್‌ನೊಳಗಿನ ವಿದ್ಯುತ್ ಪಂಪು ಕೆಲವು ಸೆಕೆಂಡು ಗುಂಯ್ ಅಂದು ನಿಲ್ಲಬೇಕು. ಒತ್ತಡ ಸುಮಾರು 60 ಬಾರ್ ಮುಟ್ಟಿದಾಗ ಪಂಪು ನಿಲ್ಲುತ್ತೆ, 40ಕ್ಕೆ ಇಳಿದಾಗ ಮತ್ತೆ ಓಡುತ್ತೆ. ನಡುವೆ ಒತ್ತಡ ಹಿಡಿದಿಡೋದು ಅಕ್ಯುಮ್ಯುಲೇಟರ್. ಗೇರ್ ಬದಲಿಸದೆ ‘ಪಿ’ಯಲ್ಲೇ ಸುಮ್ಮನೆ ನಿಂತಾಗಲೂ ಕೆಲವೇ ಸೆಕೆಂಡಿಗೊಮ್ಮೆ ಪಂಪು ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರ್ತಿದೆ.

ಆ ಸಣ್ಣ ಸ್ಕ್ಯಾನರ್ ಎಂಜಿನ್ ಕೋಡ್ ಮಾತ್ರ ಓದುತ್ತೆ. ವಿಸಿಡಿಎಸ್ ಅಥವಾ ಓಬಿಡಿಇಲೆವೆನ್ ಸ್ಕ್ಯಾನರ್ ಇರೋರ ಹತ್ತಿರ ಹೋಗಿ ಗೇರ್‌ಬಾಕ್ಸ್ ಮಾಡ್ಯೂಲ್, ಅಂದರೆ ವಿಳಾಸ 02, ಓದಿಸಿ. ಕೋಡ್ ಬರೆದಿಟ್ಟುಕೊಳ್ಳದೆ ಅಳಿಸೋದಕ್ಕೆ ಬಿಡಬೇಡಿ.

ಮಂಡ್ಯಮೈಲೇಜ್

ಅಷ್ಟೆಲ್ಲ ಯಾಕೆ ಸರ್? ಡಿಎಸ್‌ಜಿಗೆ, ಅಂದರೆ ಫೋಕ್ಸ್‌ವ್ಯಾಗನ್‌ನ ಈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿಗೆ, 60,000 ಕಿ.ಮೀ.ಗೆ ಆಯಿಲ್, ಫಿಲ್ಟರ್ ಬದಲಿಸಬೇಕು. 82,000 ಆದರೂ ಮಾಡಿಸಿಲ್ಲ ಅಂದ್ರೆ ಜರ್ಕ್ ಬರದೆ ಇರುತ್ತಾ? ಮೊದಲು ಅದು ಮಾಡಿಸಿ.

ಸ್ಪ್ಯಾನರ್14

@ಮಂಡ್ಯಮೈಲೇಜ್ ಆ ಲೆಕ್ಕ ಆರು ಗೇರಿನ ವೆಟ್ ಕ್ಲಚ್ ಡಿಕ್ಯೂ250ರದ್ದು. ಅದರಲ್ಲಿ ಕ್ಲಚ್ಚುಗಳೇ ಆಯಿಲಿನಲ್ಲಿ ಮುಳುಗಿರುತ್ತವೆ, ಆಯಿಲ್ ಹಳತಾದರೆ ಶಿಫ್ಟಿಂಗ್ ಕೆಡೋದು ಸಹಜ. ಡಿಕ್ಯೂ200ರಲ್ಲಿ ಕ್ಲಚ್ ಒಣಗಿರುತ್ತೆ. ಗೇರುಗಳಿಗೆ ಸುಮಾರು 1.7 ಲೀಟರ್, ಮೆಕಾಟ್ರಾನಿಕ್‌ಗೆ ಪ್ರತ್ಯೇಕವಾಗಿ ಸುಮಾರು 1 ಲೀಟರ್ ಆಯಿಲ್, ಒಂದಕ್ಕೊಂದು ಸಂಬಂಧವಿಲ್ಲ. ಗೇರ್ ಆಯಿಲ್ ಬದಲಿಸಿದರೆ ಹೋದ ಒತ್ತಡ ವಾಪಸ್ ಬರಲ್ಲ.

2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಇದೇ ಪೆಟ್ಟಿಗೆಯ ಸುಮಾರು 16 ಲಕ್ಷ ಗಾಡಿಗಳನ್ನು ಜಗತ್ತಿನಾದ್ಯಂತ ವಾಪಸ್ ಕರೆದು ಸಿಂಥೆಟಿಕ್ ಗೇರ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕಿತು. ಬಿಸಿ, ತೇವದ ಹವೆಯಲ್ಲಿ ವಿದ್ಯುತ್ ದೋಷ ಬರ್ತಿತ್ತು ಅನ್ನೋದು ಕಾರಣ. 2015ರ ಗಾಡಿಗೆ ಆ ಚಿಂತೆ ಬೇಡ. 2013ರ ಅಥವಾ ಅದಕ್ಕಿಂತ ಹಳೆಯ ಗಾಡಿ ಕೊಂಡವರು ಮಾತ್ರ ಆ ಕೆಲಸ ಆಗಿದೆಯಾ ಅಂತ ಸರ್ವೀಸ್ ದಾಖಲೆ ನೋಡಿಕೊಳ್ಳಿ.

ಘಾಟಿಗಾಡಿ

ಎಲ್ಲ ನೋಡಿಸಿದೆ. ಬ್ಯಾಟರಿ 12.6, ಓಡುವಾಗ 14.1. ಫ್ಯೂಸ್, ಅರ್ತ್ ಸರಿಯಿದೆ. ವಿಸಿಡಿಎಸ್‌ನಲ್ಲಿ ಪಿ189ಸಿ, ಒತ್ತಡ ಸಾಲದ್ದರಿಂದ ಕೆಲಸ ಸೀಮಿತ ಅಂತ ತೋರಿಸ್ತು. ನಿಂತಲ್ಲೇ ಐದಾರು ಸೆಕೆಂಡಿಗೊಮ್ಮೆ ಪಂಪು ಓಡ್ತಿದೆ. ಕೆಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಮೆಕಾಟ್ರಾನಿಕ್ ಬುಡ ಆಯಿಲಿನಿಂದ ಒದ್ದೆ.

ಅಡ್ಜಸ್ಟ್‌ಮೆಂಟ್_ಅಣ್ಣ

ಹಾಗಾದರೆ ಜಾಗ ಸಿಕ್ಕಿತು. ಅಕ್ಯುಮ್ಯುಲೇಟರ್ ತಿರುಗಿಸಿ ಕೂರಿಸುವ ಕಡೆ ಮೆಕಾಟ್ರಾನಿಕ್‌ನ ಅಲ್ಯೂಮಿನಿಯಂ ಮೈ ಬಿರುಕು ಬಿಡೋದು ಈ ಪೆಟ್ಟಿಗೆಯ ಹೆಸರುವಾಸಿ ರೋಗ. ಮೊದಮೊದಲು ಬಿಸಿಯಾದಾಗ ಮಾತ್ರ ಸೋರುತ್ತೆ, ತಣ್ಣಗಾದರೆ ಮತ್ತೆ ಓಡುತ್ತೆ. ಆ ಹಂತದಲ್ಲೇ ಓಡಿಸ್ತಾ ಹೋದರೆ ಪಂಪು ಬಿಡುವಿಲ್ಲದೆ ದುಡಿದು ಮೋಟಾರೂ ಸುಡುತ್ತೆ. ಈಗಿನಿಂದ ಗಾಡಿ ಓಡಿಸಬೇಡಿ, ಗ್ಯಾರೇಜಿಗೆ ಎಳೆದುಕೊಂಡೇ ಹೋಗಿ.

ಮೆಕಾಟ್ರಾನಿಕ್ ಬಿಚ್ಚೋಕೆ ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಕ್ಲಚ್ಚಿಗೆ ಇಳಿಸಲೇಬೇಕು. ಎರಡಕ್ಕೂ ಒಂದೇ ಎಸ್ಟಿಮೇಟ್ ಕೊಟ್ಟರೆ ಒಪ್ಪಬೇಡಿ, ಮೆಕಾಟ್ರಾನಿಕ್ ಕೆಲಸ ಮೊದಲು ಮುಗಿಯಲಿ. ಮೈಯನ್ನು ಗಟ್ಟಿ ಮಾಡಿ, ಹೊಸ ಅಕ್ಯುಮ್ಯುಲೇಟರ್, ಸೀಲು, ಹೊಸ ಆಯಿಲ್ ಹಾಕಿ ರಿಪೇರಿ ಮಾಡೋರಿದ್ದಾರೆ. ಹಳೆಯ ಎಲೆಕ್ಟ್ರಾನಿಕ್ ಬೋರ್ಡೇ ಉಳಿಯೋದರಿಂದ ಹೊಸ ಯೂನಿಟ್ಟಿಗೆ ಬೇಕಾಗುವ ಸಾಫ್ಟ್‌ವೇರ್, ಕೋಡಿಂಗ್ ತಲೆನೋವು ಇರಲ್ಲ. ಬರಿ ವೆಲ್ಡಿಂಗ್ ಮಾಡಿಕೊಡ್ತೀನಿ ಅನ್ನೋರನ್ನು ಬಿಡಿ. 60 ಬಾರ್ ಒತ್ತಡಕ್ಕೆ ತಾಳೋ ಕೆಲಸ ಬೇಕು, ಮೈ ಬಾಗಿದರೆ ವಾಲ್ವುಗಳು ಸಿಕ್ಕಿಕೊಳ್ಳುತ್ತವೆ.

ಬಿಚ್ಚುವವರಿಗೆ ಮೂರು ಮಾತು ಹೇಳಿ. ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಕ್ಲಚ್ ಲಿವರ್‌ಗಳನ್ನು ತಳ್ಳುಗೋಲಿನಿಂದ ಸರಿಸಿಯೇ ಯೂನಿಟ್ ಎಳೆಯಬೇಕು. ಗಾಳಿರಂಧ್ರಗಳನ್ನು ಮುಚ್ಚದೆ ಓರೆ ಮಾಡಿದರೆ ಆಯಿಲ್ ಹೊರಗೆ ಹೋಗುತ್ತೆ, ಆಮೇಲೆ ಎಷ್ಟು ಕಡಿಮೆಯಾಯ್ತು ಅಂತ ನೋಡೋಕೆ ಡಿಪ್‌ಸ್ಟಿಕ್ ಇಲ್ಲ. ಕನೆಕ್ಟರ್ ಪಿನ್ನುಗಳನ್ನು ಬರಿಗೈಯಲ್ಲಿ ಮುಟ್ಟಬಾರದು, ಸ್ಟ್ಯಾಟಿಕ್‌ಗೆ ಬೋರ್ಡ್ ಹೋಗುತ್ತೆ.

ಕೂರಿಸಿದ ಮೇಲೆ ಬೇಸಿಕ್ ಸೆಟ್ಟಿಂಗ್, ಅಂದರೆ ಸ್ಕ್ಯಾನರ್‌ನಿಂದ ಕ್ಲಚ್, ಗೇರುಗಳ ಸ್ಥಾನ ಕಲಿಸೋದು, ಕಡ್ಡಾಯ. ಗೇರ್‌ಬಾಕ್ಸ್ ತಾಪಮಾನ 30ರಿಂದ 100 ಡಿಗ್ರಿಯೊಳಗೆ, ಎಂಜಿನ್ ಐಡಲ್‌ನಲ್ಲಿ, ‘ಪಿ’ಯಲ್ಲಿ, ಬ್ರೇಕ್ ತುಳಿದಿರಬೇಕು, ಕೋಡ್ ಒಂದೂ ಬಾಕಿ ಇರಬಾರದು. ನಡುವೆ ಬ್ರೇಕ್ ಬಿಟ್ಟರೆ ಮತ್ತೆ ಮೊದಲಿಂದ.

ನಿಮ್ಮ ನಡುಕದ ತೀರ್ಮಾನ ಇಷ್ಟಾದ ಮೇಲೆಯೇ. ಒತ್ತಡ ಏರುಪೇರಾದರೆ ಕ್ಲಚ್ ಹಿಡಿತವೂ ಏರುಪೇರಾಗುತ್ತೆ, ಹಾಗಾಗಿ ಈಗಲೇ ಕ್ಲಚ್ ಸತ್ತಿದೆ ಅನ್ನೋಕೆ ಆಗಲ್ಲ. ಸೆಟ್ಟಿಂಗ್ ಆದ ಮೇಲೂ ನಡುಕ ಉಳಿದರೆ, ಚೆನ್ನಾಗಿ ಬಿಸಿಯಾದ ಗಾಡಿಯನ್ನು ಸಣ್ಣ ಏರಿನಲ್ಲಿ ಒಮ್ಮೆ ರಿವರ್ಸ್‌ನಲ್ಲಿ ನಿಧಾನ ಹತ್ತಿಸಿ, ಇನ್ನೊಮ್ಮೆ ಮ್ಯಾನುವಲ್ ಮಾಡಿ 1ರಲ್ಲಿ ಹತ್ತಿಸಿ. ರಿವರ್ಸ್‌ನಲ್ಲಿ ನಡುಗಿ 1ರಲ್ಲಿ ನಡುಗದಿದ್ದರೆ ಕೆ2. ಆಗ ಕ್ಲಚ್ ಪ್ಯಾಕ್ ಖರ್ಚು ನ್ಯಾಯವಾದದ್ದು, ಆದರೆ ಅದರ ವಿಶೇಷ ಪುಲ್ಲರ್ ಮತ್ತು ಶಿಮ್ (ಅಂತರ ಸರಿಹೊಂದಿಸುವ ತೆಳು ಬಿಲ್ಲೆ) ಅಳೆಯುವ ಗೇಜ್ ಇರೋ ಕಡೆಯೇ ಮಾಡಿಸಿ. ಶಿಮ್ ಅಂದಾಜಿಗೆ ಹಾಕಿದರೆ ಹೊಸ ಕ್ಲಚ್ಚೂ ನಡುಗುತ್ತೆ.

ಘಾಟಿಗಾಡಿ

ಸರಿ ಅಣ್ಣ, ನಾಳೆ ಎಳೆಸಿಕೊಂಡು ಹೋಗ್ತೀನಿ. ಯೂನಿಟ್ ಹೊರಗೆ ಬಂದಾಗ ಅಕ್ಯುಮ್ಯುಲೇಟರ್ ಬುಡದ ಫೋಟೊ ಇಲ್ಲೇ ಹಾಕ್ತೀನಿ.