ಗೋಡೆಯಾಚೆಯ ಅಳು: ಓದುಗರ ಸ್ಪಂದನ

ಪಕ್ಕದ ಮನೆಯ ಏಳು ವರ್ಷದ ಹುಡುಗನ ತೋಳಿನಲ್ಲಿ ಎರಡು ಬಾರಿ ಬಾಸುಂಡೆ ಕಂಡೆನೆಂದೂ, ಪುರಾವೆಯಿಲ್ಲದೆ ದೂರು ಕೊಟ್ಟರೆ ಒಂದು ಸಂಸಾರವನ್ನೇ ಒಡೆದಂತಾಗದೇ ಎಂದೂ ಬೆಂಗಳೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳನ್ನು ಸಂಕ್ಷೇಪಿಸಿದ್ದೇವೆ. ಮೊದಲನೆಯದನ್ನು ಮೊಟಕುಗೊಳಿಸಲು ಮನಸ್ಸಾಗಲಿಲ್ಲ.

ನಮ್ಮ ವಠಾರದಲ್ಲಿ ಹನ್ನೊಂದು ಮನೆಗಳಿದ್ದವು. ಚಿಕ್ಕಪ್ಪ ಬೆಲ್ಟು ಬಿಚ್ಚಿದೊಡನೆ ಒಂದೊಂದೇ ಮನೆಯ ರೇಡಿಯೊ ಜೋರಾಗುತ್ತಿತ್ತು. ಅವರಾರೂ ಕೆಟ್ಟವರಲ್ಲ, ಮರುದಿನ ಬೆಳಿಗ್ಗೆ ಎದುರುಮನೆಯಾಕೆ ನನ್ನನ್ನು ಕರೆದು, ಬಿಸಿ ಅಕ್ಕಿರೊಟ್ಟಿ ಕೊಟ್ಟು, ಬೆನ್ನಿಗೆ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸುತ್ತಿದ್ದರೇ ಹೊರತು, ಏನಾಯಿತೆಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಿಜ ಹೇಳುತ್ತಿದ್ದೆನೋ, ಬಿದ್ದೆನೆಂದು ಸುಳ್ಳಾಡುತ್ತಿದ್ದೆನೋ ಅರಿಯೆ. ನಲವತ್ತು ವರ್ಷಗಳ ಬಳಿಕ ಮದುವೆಮನೆಯೊಂದರಲ್ಲಿ ಆಕೆ ನನ್ನ ಕೈಹಿಡಿದು, "ನಮಗೆಲ್ಲ ಗೊತ್ತಿತ್ತು ಮಗೂ" ಎಂದರು. ಸಮಾಧಾನಕ್ಕೆಂದೇ ಆಡಿದ ಮಾತದು. ಊಟಕ್ಕೆ ಕೂರದೆ ಎದ್ದು ಬಂದೆ.
— ಹೆಸರು ಬೇಡ, ಧಾರವಾಡ

ಎರಡು ಸಲ ನೋಡಿದವರು ಮೂರನೆಯದಕ್ಕೆ ಕಾಯುತ್ತಿದ್ದೀರಾ? ಪತ್ರ ಬರೆಯುವ ಹೊತ್ತಿನಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದಿತ್ತು.
— ಓದುಗ, ಹಾಸನ

ಹುಣಸೆ ಬರಲಿನ ರುಚಿ ಕಾಣದ ಮಕ್ಕಳು ಇಂದು ಹಿರಿಯರ ಮಾತು ಕೇಳುತ್ತಿಲ್ಲ. ನಮ್ಮ ಮೇಷ್ಟ್ರ ಏಟಿನಿಂದಲೇ ನಾನು ಬ್ಯಾಂಕ್ ಅಧಿಕಾರಿಯಾದೆ.
— ನಿವೃತ್ತರು, ದಾವಣಗೆರೆ

ಪ್ರಶ್ನೆ ಶಿಸ್ತಿನ ಕುರಿತಾಗಿರಲಿಲ್ಲ. ಆ ಮೇಷ್ಟ್ರ ಬರಲನ್ನಂತೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಶಾಲೆಯಿಂದ ಹೊರಗಿಟ್ಟಿದೆ. ಮುಂದಿನ ಪತ್ರ ಮಕ್ಕಳ ಕಲ್ಯಾಣ ಸಮಿತಿಯೊಂದರ ಮಾಜಿ ಸದಸ್ಯೆಯದು.

ಪುರಾವೆ ಹುಡುಕುವುದು ನೆರೆಯವರ ಕೆಲಸವಲ್ಲ. ಕಂಡದ್ದನ್ನು ದಿನಾಂಕದೊಂದಿಗೆ ಬರೆದಿಟ್ಟು ತಿಳಿಸಿದರೆ ಸಾಕು. ದೂರು ಬಂದೊಡನೆ ಮಗುವನ್ನು ಬಾಲಮಂದಿರಕ್ಕೆ ಒಯ್ಯುತ್ತಾರೆಂಬುದು ತಪ್ಪು ಕಲ್ಪನೆ: 2015ರ ಬಾಲನ್ಯಾಯ ಕಾಯಿದೆಯಲ್ಲಿ ಅದು ಕೊನೆಯ ದಾರಿ. ಲೈಂಗಿಕ ದೌರ್ಜನ್ಯದ ಶಂಕೆಯಿದ್ದರಂತೂ, 2012ರ ಪೋಕ್ಸೊ ಕಾಯಿದೆಯ 19ನೇ ಕಲಮಿನಂತೆ, ತಿಳಿಸುವುದು ಕಡ್ಡಾಯ. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ. ಮಗುವನ್ನು ಕೂರಿಸಿಕೊಂಡು ಕೆದಕಿ ಕೆದಕಿ ಕೇಳಬೇಡಿ. ಹೆತ್ತವರಿಗೆ ಮೊದಲೇ ಸುಳಿವು ಕೊಟ್ಟರೆ ಅದರ ಏಟು ಹುಡುಗನಿಗೇ ಬೀಳಬಹುದು.
— ಶಿವಮೊಗ್ಗ

ಓದುಗರ ಭಯಕ್ಕೆ ನೇರವಾಗಿ ಉತ್ತರಿಸಬಲ್ಲವರು, ಸ್ವತಃ ದೂರಿಗೆ ಗುರಿಯಾಗಿದ್ದ ಈ ತಂದೆ.

ನನ್ನ ಮಗನಿಗೆ ಹಿಮೋಫಿಲಿಯಾ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ. ಸಣ್ಣ ಪೆಟ್ಟಿಗೂ ಮೈ ನೀಲಿಗಟ್ಟುತ್ತದೆ. ಯಾರೋ ದೂರು ಕೊಟ್ಟರು. ವಿಚಾರಣೆಗೆ ಬಂದವರು ಆಸ್ಪತ್ರೆಯ ಕಡತ ನೋಡಿ, ಮಗುವಿನೊಂದಿಗೆ ಮಾತನಾಡಿ, ಚಹಾ ಕೂಡ ಕುಡಿಯದೆ ಹೊರಟರು. ಅವಮಾನದಿಂದ ಎರಡು ರಾತ್ರಿ ನಿದ್ದೆ ಬರಲಿಲ್ಲ. ಸಂಸಾರ ಒಡೆಯಲಿಲ್ಲ, ಮೇಲಿನ ಮಹಡಿಯವರೊಂದಿಗೆ ಮಾತ್ರ ಇಂದಿಗೂ ಮಾತಿಲ್ಲ.
— ಮೈಸೂರು